ಕುರ್ಚಿಯೊಳಗೊಂದು ಏಣಿ

ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ಪೂರ್ವಕ್ಕೆ ಸ್ಟ್ರಾಂಡ್ ಎಂಬ ಹಳೆಯ ರಸ್ತೆ ಸಾಗುತ್ತದೆ. ಅದರಲ್ಲೇ ನಡೆದು ಆಲ್ಡ್‌ವಿಚ್ ಬಳಿ ಎಡಕ್ಕೆ ತಿರುಗಿದರೆ ನಿಮಗೆ ಕ್ಯಾಥರೀನ್ ಸ್ಟ್ರೀಟ್ ಸಿಗುತ್ತದೆ. ಇಂದು ಅಲ್ಲಿ ಕಣ್ಸೆಳೆಯುವುದು ಡ್ರೂರಿ ಲೇನ್ ನಾಟಕಶಾಲೆ. ಇನ್ನೂರು ವರ್ಷಗಳ ಹಿಂದೆ ಇದೇ ಬೀದಿಯಲ್ಲಿ ಮಾರ್ಗನ್ ಮತ್ತು ಸ್ಯಾಂಡರ್ಸ್ ಎಂಬವರ ಪೀಠೋಪಕರಣಗಳ ಮಳಿಗೆಯಿತ್ತು. ಮಡಚಿ ಹಡಗಿಗೇರಿಸಬಹುದಾದ ಮಂಚ, ಮೇಜುಗಳಿಗೆ ಅದು ಹೆಸರುವಾಸಿ. ಭಾರತಕ್ಕೆ ಹೊರಡುವ ಆಂಗ್ಲರನ್ನೂ ಅವರು ಗಿರಾಕಿಗಳಾಗಿ ಸೆಳೆಯುತ್ತಿದ್ದರು.

ಅವರ ಒಂದು ಕುರ್ಚಿಯ ಚಿತ್ರ 1811ರ ಜುಲೈಯಲ್ಲಿ ರುಡಾಲ್ಫ್ ಆಕರ್‌ಮನ್‌ರ ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಮಹಿಳೆಯರ ಉಡುಪು, ಕಸೂತಿಯ ಮಾದರಿಗಳನ್ನೂ ಕೊಡುತ್ತಿದ್ದ ಪತ್ರಿಕೆ ಅದು. ನೋಡಲು ಅದು ಕೈಯಿರುವ ಸಾಧಾರಣ ಕುರ್ಚಿ. ಆದರೆ ಬೆನ್ನು ಹಿಡಿದು ಮುಂದಕ್ಕೆ ಮಗುಚಿ ನೋಡಿ! ಆಸನದ ಮುಂಭಾಗದ ಕೀಲು ತಿರುಗುತ್ತದೆ, ಬೆನ್ನಿನ ಮೇಲಂಚು ನೆಲಕ್ಕೆ ತಾಗುತ್ತದೆ, ಅಡಿಯಲ್ಲಿ ಅಡಗಿದ್ದ ಮೆಟ್ಟಿಲುಗಳು ಹೊರಬರುತ್ತವೆ. ನಾಲ್ಕು ಮೆಟ್ಟಿಲಿನ ಏಣಿ ಸಿದ್ಧ.

ಶ್ರೀಮಂತರ ಮನೆಗಳಲ್ಲಿ ಪುಸ್ತಕದ ಕಪಾಟು ಛಾವಣಿಯವರೆಗೆ ಏರಿದ್ದ ಕಾಲವದು. ಚೆಂದದ ಕೋಣೆಯಲ್ಲಿ ಒರಟು ಏಣಿ ನಿಲ್ಲಿಸಲು ಯಾರಿಗೂ ಮನಸ್ಸಿಲ್ಲ. ಇದಕ್ಕೂ ಮೊದಲೇ, 1774ರಲ್ಲಿ, ರಾಬರ್ಟ್ ಕ್ಯಾಂಪ್‌ಬೆಲ್ ಎಂಬವರು ಮೇಜಿನೊಳಗೆ ಮಡಚಿಡುವ ಮೆಟ್ಟಿಲಿಗೆ ಪೇಟೆಂಟ್ ಪಡೆದಿದ್ದರು.

ಈ ಜಾಣ್ಮೆಯನ್ನು ಮೆಚ್ಚೋಣ. ಆದರೆ ಅದರ ಇನ್ನೊಂದು ಮುಖವನ್ನು ಮರೆಯದಿರೋಣ. ಇಂಥ ಕುರ್ಚಿಗಳಿಗೆ ಹೆಚ್ಚಾಗಿ ಬಳಸುತ್ತಿದ್ದುದು ಮಹಾಗನಿ ಮರ. ಕೆರಿಬಿಯನ್ ದ್ವೀಪಗಳಲ್ಲಿ, ಮಧ್ಯ ಅಮೆರಿಕದ ಕಾಡುಗಳಲ್ಲಿ ಅದನ್ನು ಕಡಿಯಲು ಆಫ್ರಿಕಾ ಮೂಲದ ಗುಲಾಮರನ್ನು ದುಡಿಸಲಾಗುತ್ತಿತ್ತು. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತಾದರೂ ಗುಲಾಮಗಿರಿಯನ್ನೇ ರದ್ದುಪಡಿಸುವ ಕಾನೂನು ಬಂದದ್ದು 1833ರಲ್ಲಿ. ಪುಸ್ತಕದ ಕಡೆಗೆ ಏರುವ ಮೆಟ್ಟಿಲಿಗೆ ಮರ ಕಡಿದುಕೊಟ್ಟವರಿಗೆ ಆ ಪುಸ್ತಕ ಎಂದೂ ಎಟಕಲಿಲ್ಲ.

ಸಹೋದರಿಯರೇ, ಈಗ ನಿಮ್ಮ ಮನೆಯ ಕಪಾಟಿನತ್ತ ಒಮ್ಮೆ ನೋಡಿ. ಪವಿತ್ರ ಕುರ್‌ಆನನ್ನು ನಾವು ಗೌರವದಿಂದ ಎತ್ತರದಲ್ಲಿಡುತ್ತೇವೆ. ಗೌರವ ಇರಬೇಕಾದದ್ದೇ. ಆದರೆ ಅವತೀರ್ಣವಾದ ಮೊದಲ ಆದೇಶವೇ ಓದುವುದು. ಅದು ದಿನವೂ ಕೆಳಗಿಳಿಯುತ್ತಿದೆಯೇ? ಉಳಿದ ಪುಸ್ತಕಗಳು ಮಗಳ ಕೈಗೆ ಎಟಕುವಂತಿವೆಯೇ, ಅಥವಾ ಶೋಕೇಸಿನ ಗಾಜಿನ ಹಿಂದೆ ಬೀಗದಲ್ಲಿವೆಯೇ? ಮಹಾಗನಿಯ ಕುರ್ಚಿ ನಮಗೆ ಬೇಡ. ಕಾಲು ಅಲುಗಾಡದ ಒಂದು ಸ್ಟೂಲು, ಬೀಗವಿಲ್ಲದ ಒಂದು ಕಪಾಟು ಇದ್ದರೆ ಸಾಕು.