ಬೆನ್ನ ಹಿಂದಿನ ಗಾಜು

ನಮ್ಮ ತಮ್ಮನ ಮಗನ ಬಳಿ ಹಳೆಯದೊಂದು ಟಾಟಾ 207 ಪಿಕಪ್ ವಾಹನವಿದೆ. ತೋಟದ ಕಾಯಿಪಲ್ಯೆಯನ್ನು ಹುಬ್ಬಳ್ಳಿಯ ಪೇಟೆಗೆ ಸಾಗಿಸಿ ಆ ಸಂಸಾರ ನಡೆಯುತ್ತಿದೆ. ಕಳೆದ ವರ್ಷ, ಬಿಗಿಯಾಗಿ ಕಟ್ಟದ ಕಬ್ಬಿಣದ ಪೈಪೊಂದು ಮುಂದಕ್ಕೆ ಜಾರಿ, ಕ್ಯಾಬಿನ್ನಿನ ಹಿಂಬದಿಯ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಯಿತು. “ಸದ್ಯಕ್ಕೆ ಹಲಗೆ ಬಡಿ, ಮಳೆಗಾಳಿ ತಡೆದರಾಯಿತು” ಎಂದವರು ನಾವೇ. ಮಠದಲ್ಲಿ ಬೆಳೆದ ನಮಗೆ ಮಿತವ್ಯಯವೇ ಹಿರಿದೆನಿಸಿತ್ತು.

ಒಂದು ಮುಂಜಾನೆ ಅವನು ಬರಿದಾದ ವಾಹನವನ್ನು ಅಂಗಳದಲ್ಲಿ ಹಿಂದಕ್ಕೆ ತೆಗೆಯುತ್ತಿದ್ದನು. ಮೂರು ವರ್ಷದ ಮೊಮ್ಮಗಳು ಚೆಂಡಿನ ಬೆನ್ನುಹತ್ತಿ ಹಿತ್ತಲಿನಿಂದ ಓಡಿಬಂದಳು. ಕಟ್ಟೆಯ ಮೇಲಿದ್ದ ನಮಗೆ ಕಂಡಿತು, ಅವನಿಗೆ ಕಾಣಲಿಲ್ಲ. ನಮ್ಮ ಕೂಗಿಗೆ ಅವನು ಬ್ರೇಕು ಒತ್ತಿದಾಗ ಮಗುವಿಗೂ ಗಾಲಿಗೂ ಮೊಳದಷ್ಟು ಅಂತರವಿತ್ತು. “ಹಲಗೆ ಇರದಿದ್ದರೆ ಕನ್ನಡಿಯಲ್ಲಿ ಕಾಣುತ್ತಿದ್ದಳು, ದೊಡ್ಡಪ್ಪನವರೆ” ಎಂದು ನಡುಗುತ್ತ ನುಡಿದನು. ನಮಗೆ ಮಾತು ಹೊರಡಲಿಲ್ಲ.

ಮರುದಿನವೇ ಅವನೊಡನೆ ಗಾಜಿನ ಅಂಗಡಿಗೆ ಹೋದೆವು. ಹಿಂಬದಿಯದು ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಗೊಳಿಸಿದ ಗಾಜು. ಒಡೆದರೆ ಚೂಪಾದ ಚೂರುಗಳಾಗದೆ ಹರಳುಹರಳಾಗಿ ಉದುರುತ್ತದೆ. ಆದರೆ ಒಮ್ಮೆ ಗಟ್ಟಿಗೊಂಡ ಮೇಲೆ ಅದನ್ನು ಕೊಯ್ಯಲು ಬಾರದು. ಆದುದರಿಂದ ಆ ವಾಹನದ ಅಳತೆಯದನ್ನೇ ತರಬೇಕು. ಮನೆಯ ಕಿಟಕಿಯ ಗಾಜು ಸಲ್ಲದು.

ಕೆಲಸದ ಬಹುಪಾಲು ಗಾಜಿನದಲ್ಲ, ಚೌಕಟ್ಟಿನದು. ಬಿರುಸಾದ ಹಳೆಯ ರಬ್ಬರನ್ನು ಕೊಯ್ದು ತೆಗೆದಾಗ ಕೆಳಅಂಚಿನಲ್ಲಿ ನೀರು ನಿಂತು ತುಕ್ಕು ಹಿಡಿದಿತ್ತು. ಅದರ ಮೇಲೆಯೇ ಗಾಜು ಕೂಡಿಸಿದರೆ ಮುಂದಿನ ಮಳೆಗೆ ಸೋರುವುದು ಖಂಡಿತ. ಮೇಸ್ತ್ರಿಯು ತುಕ್ಕನ್ನು ಕೆರೆದು, ಮರಳು ಕಾಗದದಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಬಳಿದು ಒಂದು ದಿನ ಒಣಗಲು ಬಿಟ್ಟನು. ಬಳಿಕ ಗಾಜಿನ ಸುತ್ತ ಹೊಸ ರಬ್ಬರ್ ಬೀಡಿಂಗ್ ತೊಡಿಸಿ, ಅದರ ಹೊರಗಿನ ಸೀಳಿನೊಳಗೆ ಗಟ್ಟಿ ದಾರವನ್ನು ಸುತ್ತಲೂ ಹುದುಗಿಸಿ, ಸಾಬೂನಿನ ನೀರು ಸವರಿದನು. ಅವನು ಹೊರಗಿನಿಂದ ಅಂಗೈಯಿಂದ ಒತ್ತಿದನು. ಹುಡುಗನು ಒಳಗಿನಿಂದ ದಾರವನ್ನು ಮೆಲ್ಲನೆ ಎಳೆದನು. ದಾರ ಹೊರಬಂದಂತೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕುಳಿತಿತು. ಇದು ಬಲಕ್ಕೆ ಒಲಿಯುವ ಕೆಲಸವಲ್ಲ, ತಾಳ್ಮೆಗೆ ಒಲಿಯುವಂಥದು. ಕೊಡ ನೀರು ಸುರಿದು ನೋಡಿದೆವು. ಒಂದು ಹನಿಯೂ ಒಳಬರಲಿಲ್ಲ.

ಬಿಸಿಲಿಗಾಗಿ ಕಪ್ಪು ಹಾಳೆ ಅಂಟಿಸುವ ಆಸೆ ಹುಡುಗನಿಗಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಹಿಂಬದಿಯ ಗಾಜಿನಲ್ಲಿ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅಂಥ ಹಾಳೆಗಳನ್ನು ನಿಷೇಧಿಸಿತು. “ಮತ್ತೊಂದು ಹಲಗೆ ಬೇಡ” ಎಂದಷ್ಟೇ ಹೇಳಿದೆವು.

ಗಾಜಿದ್ದರೂ ವಾಹನದ ಬಾಲಕ್ಕೆ ತಾಗಿ ನಿಂತ ಮಗು ಚಾಲಕನಿಗೆ ಕಾಣದು. ಆದುದರಿಂದ ಈಗ ವಾಹನ ಹಿಂದೆ ಸರಿಯುವಾಗಲೆಲ್ಲ ಮೊಮ್ಮಗಳ ಕೈಹಿಡಿದು ನಾವೇ ಅಂಗಳದಲ್ಲಿ ನಿಲ್ಲುತ್ತೇವೆ. ಹಿಂದುಮುಂದು ನೋಡಿ ನಡೆಯಿರೆಂದು ಊರಿಗೆಲ್ಲ ಹೇಳಿಕೊಂಡು ಬಂದವರು ನಾವು. ಆ ಮಾತಿನ ಅರ್ಥವನ್ನು ನಮಗೆ ತಿಳಿಸಿದ್ದು ನಾವೇ ಬಡಿಸಿದ ಒಂದು ಹಲಗೆ.