ವೇಗಸಂಸ್ಕಾರ

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಸಂಸ್ಕಾರವು ಮೂರು ಬಗೆಯದೆಂಬುದು ನೆನಪಿರುತ್ತದೆ. ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಅವುಗಳ ಹೆಸರು. ಚಲಿಸುವ ವಸ್ತುವನ್ನು ಮುಂದೆಯೂ ಚಲಿಸುವಂತೆ ಮಾಡುವುದು ವೇಗ. ಹಿಂದೆ ಅನುಭವಿಸಿದುದನ್ನು ಸ್ಮರಣೆಗೆ ತಂದುಕೊಡುವುದು ಭಾವನೆ. ಎಳೆದು ಹಾಸಿದ ಚಾಪೆಯನ್ನು ಮತ್ತೆ ಮೊದಲಿನ ಸುರುಳಿಗೆ ತರುವುದು ಸ್ಥಿತಿಸ್ಥಾಪಕ. ನಾನು ಬಾಲ್ಯದಲ್ಲಿ ಇದನ್ನು ಬಾಯಿಪಾಠ ಮಾಡಿ ಗುರುಗಳಿಗೆ ಒಪ್ಪಿಸಿದೆನು. ಓಡುವ ಬಂಡಿಗೂ ಮನಸ್ಸಿನ ನೆನಪಿಗೂ ಏತರ ನಂಟು, ಇವೆರಡನ್ನೂ ಹಿರಿಯರು ಒಂದೇ ಹೆಸರಿನ ಕೆಳಗೆ ಏಕೆ ಕಟ್ಟಿದರು ಎಂಬ ಪ್ರಶ್ನೆಯು ಆಗ ಹುಟ್ಟಲಿಲ್ಲ. ಹುಟ್ಟಿದ್ದರೂ ಕೇಳುವ ಧೈರ್ಯವಿರಲಿಲ್ಲ. ಅದು ಹುಟ್ಟಿದುದು ನನ್ನ ಐವತ್ತೇಳನೆಯ ವಯಸ್ಸಿನಲ್ಲಿ, ಒಂದು ಮೋಟಾರು ಪಂದ್ಯವನ್ನು ನೋಡುತ್ತಿದ್ದಾಗ ಎಂದರೆ ವಾಚಕರು ನಕ್ಕಾರು.

ನನ್ನ ಕಿರಿಯ ಮಗನು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸಕ್ಕಿರುವನು. 2016ನೆಯ ಇಸವಿಯ ಜೂನ್ 19ರಂದು, ಭಾನುವಾರ, ಅವನು ರಜೆಯ ಮೇಲೆ ಮನೆಗೆ ಬಂದಿದ್ದನು. ಹಿಂದಿನ ಸಂಜೆ ಆರೂವರೆಗೆ ಕುಳಿತವನು ಇರುಳೆಲ್ಲ ಎದ್ದೆದ್ದು ನೋಡಿ, ಬೆಳಗಿನ ಸ್ನಾನವನ್ನು ಮುಂದಕ್ಕೆ ಹಾಕಿ, ಮಧ್ಯಾಹ್ನದ ಊಟವನ್ನು ತಟ್ಟೆ ಹಿಡಿದುಕೊಂಡೇ ಮಾಡಿದನು. ಫ್ರಾನ್ಸ್ ದೇಶದ ಲೆ ಮಾನ್ಸ್ ಎಂಬ ಊರಿನಲ್ಲಿ (ಬರೆಯುವುದು ಹೀಗೆ, ಉಚ್ಚರಿಸುವುದು ‘ಲ ಮಾಂ’ ಎಂದಂತೆ) 1923ರಿಂದ ನಡೆದುಬಂದಿರುವ ಇಪ್ಪತ್ತನಾಲ್ಕು ಗಂಟೆಗಳ ಓಟ ಅದು. ಒಂದು ಸುತ್ತಿಗೆ ಹದಿಮೂರೂವರೆ ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ದಾರಿ. ಅದರಲ್ಲಿ ಬಹುಪಾಲು ಮಿಕ್ಕ ದಿನಗಳಲ್ಲಿ ಊರವರು ಓಡಾಡುವ ಸಾಮಾನ್ಯ ರಸ್ತೆ. ಒಂದು ಗಾಡಿಗೆ ಮೂವರು ಸಾರಥಿಗಳು ಸರದಿಯ ಮೇಲೆ. ಒಂದು ಅಹೋರಾತ್ರದಲ್ಲಿ ಹೆಚ್ಚು ದೂರ ಓಡಿದವರಿಗೆ ಜಯ.

“ಇಷ್ಟು ಎಣ್ಣೆಯನ್ನು ಸುಟ್ಟು, ಹೊರಟ ಸ್ಥಳಕ್ಕೇ ಬಂದು ನಿಲ್ಲುವುದರಲ್ಲಿ ಏನು ಪುರುಷಾರ್ಥ?” ಎಂದು ನಾನು ಕೇಳಿದೆನು. ಮೇಷ್ಟರ ಮಗನಿಗೆ ಇಂತಹ ಪ್ರಶ್ನೆಗಳು ಹೊಸವಲ್ಲ. “ಎಣ್ಣೆಯನ್ನು ಎಷ್ಟು ಕಡಿಮೆ ಸುಡಬಹುದೆಂಬುದೇ ಈಗಿನ ಪಂದ್ಯ, ಅಪ್ಪಾ” ಎಂದು ಅವನು ವಿವರಿಸಲು ತೊಡಗಿದನು.

ಅವನ ವಿವರಣೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸಾವಿರ ಕಿಲೋಗ್ರಾಮಿನ ಒಂದು ಗಾಡಿ ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೇರ ದಾರಿಯ ತುದಿಗೆ ಬರುತ್ತದೆ. ಮುಂದೆ ತಿರುವು. ಬ್ರೇಕು ಒತ್ತಲೇಬೇಕು. ಆಗ ಅದರಲ್ಲಿದ್ದ ವೇಗವೆಲ್ಲ ಎಲ್ಲಿಗೆ ಹೋಯಿತು? ಗಾಲಿಯ ಬಿಲ್ಲೆಗಳು ಕೆಂಡದಂತೆ ಕೆಂಪಾಗಿ, ಆ ಕಾವು ಗಾಳಿಗೆ ಹೋಯಿತು. ಇರುಳಿನಲ್ಲಿ ಆ ಕೆಂಪನ್ನು ಕಣ್ಣಾರೆ ಕಾಣಬಹುದು. ನಾನು ಪರದೆಯ ಮೇಲೆ ಕಂಡೆನು. ಮೈಲಿಗಟ್ಟಲೆ ಎಣ್ಣೆ ಸುಟ್ಟು ಗಳಿಸಿದುದನ್ನು ಒಂದೆರಡು ಕ್ಷಣಗಳಲ್ಲಿ ಗಾಳಿಗೆ ಚೆಲ್ಲಿ, ತಿರುವು ದಾಟಿದೊಡನೆ ಮತ್ತೆ ಮೊದಲಿನಿಂದ ಗಳಿಸತೊಡಗುವುದು ಮೋಟಾರು ಗಾಡಿಯ ಹುಟ್ಟುಗುಣ. ದ್ವಿಶಕ್ತಿಯ ಗಾಡಿಯಲ್ಲಾದರೋ, ತಡೆಯುವ ಕಾಲಕ್ಕೆ ಗಾಲಿಗಳೇ ಒಂದು ವಿದ್ಯುದ್ಯಂತ್ರವನ್ನು ತಿರುಗಿಸುತ್ತವೆ. ಹುಟ್ಟಿದ ವಿದ್ಯುತ್ತನ್ನು ಕೂಡಿಟ್ಟುಕೊಂಡು, ತಿರುವು ಕಳೆದ ಮೇಲೆ ಅದೇ ಯಂತ್ರದಿಂದ ಗಾಲಿಗಳನ್ನು ತಳ್ಳಿಸುತ್ತಾರೆ. (‘ಹೈಬ್ರಿಡ್’ ಎಂಬುದಕ್ಕೆ ನಿಘಂಟಿನಲ್ಲಿ ‘ಸಂಕರ’ವೆಂದಿದೆ. ನಮ್ಮಲ್ಲಿ ಆ ಮಾತಿಗೆ ಬೇರೊಂದು ವಾಸನೆ ಅಂಟಿರುವುದರಿಂದ ನಾನು ದ್ವಿಶಕ್ತಿಯೆನ್ನುತ್ತೇನೆ.) ಆ ಸಂಜೆಯ ಟೊಯೊಟಾ ಗಾಡಿಗಳು ಸುತ್ತೊಂದಕ್ಕೆ ಎಂಟು ಮೆಗಾಜೂಲಿನಷ್ಟು ಶಕ್ತಿಯನ್ನು ಹೀಗೆ ಮರಳಿ ಉಪಯೋಗಿಸಬಹುದಾಗಿತ್ತು. ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಅದು ಎರಡು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ನಮ್ಮಲ್ಲಿ ಒಂದು ಇಡೀ ದಿನಕ್ಕೆ ಅಷ್ಟು ಖರ್ಚಾಗದ ಮನೆಗಳಿವೆ. ಆ ಗಾಡಿಗೆ ಮೂರೂವರೆ ನಿಮಿಷದೊಳಗಿನ ಸಂಗತಿ.

ಈ ವಿದ್ಯೆಯನ್ನು ಲೆ ಮಾನ್ಸಿನಲ್ಲಿ ಮೊದಲು ಗೆಲ್ಲಿಸಿದವರು ಜರ್ಮನಿಯ ಆಡಿ ಕಂಪೆನಿಯವರು, 2012ರಲ್ಲಿ. ಅವರ ಗಾಡಿಯ ಕಥೆಯನ್ನು ಕೇಳಿದಾಗಲೇ ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡದ್ದು. ಹಿಂದಿನ ಗಾಲಿಗಳಿಗೆ ಡೀಸೆಲ್ ಎಂಜಿನು, ಮುಂದಿನ ಗಾಲಿಗಳಿಗೆ ವಿದ್ಯುತ್ತು. ಆ ವಿದ್ಯುತ್ತನ್ನು ಅವರು ಬ್ಯಾಟರಿಯಲ್ಲಿ ಇಡಲಿಲ್ಲ. ಸಾರಥಿಯ ಪಕ್ಕದಲ್ಲಿಯೇ, ಗಾಳಿಯನ್ನು ಹೀರಿ ತೆಗೆದ ಒಂದು ಕರಂಡದೊಳಗೆ, ನಿಮಿಷಕ್ಕೆ ನಲವತ್ತೈದು ಸಾವಿರದಷ್ಟು ಸುತ್ತು ತಿರುಗಬಲ್ಲ ಒಂದು ಚಕ್ರದಲ್ಲಿ ಇಟ್ಟರು. ಎಂದರೆ ಗಾಡಿಯ ವೇಗವನ್ನು ವೇಗವಾಗಿಯೇ ಕಾಪಾಡಿದರು. ಗಾಡಿ ನಿಧಾನವಾದಷ್ಟೂ ಒಳಗಿನ ಚಕ್ರವು ಜೋರಾಗುವುದು. ಚಕ್ರವು ಸೋತಷ್ಟೂ ಗಾಡಿ ಚುರುಕಾಗುವುದು. ಬ್ರೇಕಿನಿಂದ ಬ್ರೇಕಿಗೆ ಐನೂರು ಕಿಲೋಜೂಲಿಗಿಂತ ಹೆಚ್ಚನ್ನು ಹೀಗೆ ದಾಟಿಸಕೂಡದೆಂದೂ, ಗಂಟೆಗೆ ನೂರಿಪ್ಪತ್ತು ಕಿಲೋಮೀಟರಿಗಿಂತ ಕಡಿಮೆಯ ವೇಗದಲ್ಲಿ ಮುಂದಿನ ಗಾಲಿಗಳಿಗೆ ವಿದ್ಯುತ್ತಿನ ಬಲವನ್ನು ಕೊಡಕೂಡದೆಂದೂ ಪಂದ್ಯದವರು ಕಟ್ಟು ಹಾಕಿದ್ದರು. ಆದರೂ ಆ ಬಗೆಯ ಗಾಡಿಗಳೆರಡು ಮೊದಲನೆಯ ಎರಡು ಸ್ಥಾನಗಳನ್ನು ಪಡೆದುವು. ಹೊರಗೆ ನಿಂತುಹೋದಂತೆ ಕಾಣುವುದು ಒಳಗೆ ಯಾರ ಕಣ್ಣಿಗೂ ಬೀಳದೆ ತಿರುಗುತ್ತಿದೆಯೆಂಬುದನ್ನು ಕೇಳಿದ ಕೂಡಲೆ, ವೇಗವನ್ನೂ ಭಾವನೆಯನ್ನೂ ಹಿರಿಯರು ಒಂದು ಗೂಟಕ್ಕೆ ಏಕೆ ಕಟ್ಟಿದರೆಂಬುದು ನನಗೆ ಹೊಳೆದಂತಾಯಿತು. ನಮ್ಮ ನೆನಪೂ ಹೀಗೆಯೇ ತಾನೆ ಇರುವುದು? ಆದರೆ ನೈಯಾಯಿಕರು ಇದನ್ನು ಒಪ್ಪುವರೋ ಇಲ್ಲವೋ. ಅವರೊಡನೆ ವಾದಕ್ಕೆ ನಿಲ್ಲುವ ಶಕ್ತಿ ನನಗಿಲ್ಲ.

ಟೊಯೊಟಾದವರ ದಾರಿ ಬೇರೆ. ಪಂದ್ಯದಲ್ಲಿ ಪರೀಕ್ಷಿಸಿದುದು ಮುಂದೆ ಗೃಹಸ್ಥರ ಗಾಡಿಗೆ ಬರುತ್ತದೆಂದು ಎಲ್ಲ ಕಂಪೆನಿಗಳವರೂ ಹೇಳುವರು. ಅದರಲ್ಲಿ ವ್ಯಾಪಾರದ ಮಾತು ಎಷ್ಟು, ನಿಜವೆಷ್ಟು ಎಂಬುದನ್ನು ತೂಗಿ ನೋಡಬೇಕು. ಟೊಯೊಟಾದ ಮಟ್ಟಿಗಂತೂ ನಡೆದುದು ತಿರುಗುಮುರುಗಾಗಿ. ಜಪಾನಿನ ಗೃಹಸ್ಥರಿಗಾಗಿ ಪ್ರಿಯಸ್ ಎಂಬ ದ್ವಿಶಕ್ತಿಯ ಗಾಡಿಯನ್ನು ಅವರು 1997ರಲ್ಲಿಯೇ ಮಾರಾಟಕ್ಕಿಟ್ಟರು; ಆ ವಿದ್ಯೆ ಪಂದ್ಯಕ್ಕೆ ಹೋದುದು ಆಮೇಲೆ. 2007ರಲ್ಲಿ ತಮ್ಮ ದೇಶದ ತೊಕಾಚಿಯ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಅಂತಹ ಗಾಡಿಯಿಂದ ಗೆದ್ದರು. 2012ರಲ್ಲಿ ಲೆ ಮಾನ್ಸಿಗೆ ಎರಡನ್ನು ಒಯ್ದರು. ಬೆಳಗಾಗುವುದರೊಳಗೆ ಎರಡೂ ನಿಂತುವು. ಒಂದನ್ನು ನಡೆಸುತ್ತಿದ್ದ ಆ್ಯಂಟನಿ ಡೇವಿಡ್‌ಸನ್ ಎಂಬಾತನು ಅಪಘಾತದಲ್ಲಿ ಬೆನ್ನೆಲುಬು ಮುರಿದುಕೊಂಡನು. 2014ರಲ್ಲಿ ಮುಂದಾಗಿ ಓಡುತ್ತಿದ್ದ ಅವರ ಗಾಡಿ ವಿದ್ಯುತ್ತಂತಿಗಳ ದೋಷದಿಂದ ಇರುಳು ಕಳೆಯುವ ಹೊತ್ತಿಗೆ ನಿಂತಿತು. ಆ ವರ್ಷದ ಜಾಗತಿಕ ಪಂದ್ಯಾವಳಿಯನ್ನು ಗೆದ್ದುದು ನಿಜ. ಆದರೆ ಲೆ ಮಾನ್ಸ್ ಒಲಿಯಲಿಲ್ಲ. ಅವರು ಅಲ್ಲಿಗೆ ಮೊದಲು ಹೋದುದು 1985ರಲ್ಲಿ.

ಈಗ ಆ ಸಂಜೆಗೆ ಬರುತ್ತೇನೆ. ನಮ್ಮ ಗಡಿಯಾರದಲ್ಲಿ ಆರೂವರೆಗೆ ಪಂದ್ಯ ಮುಗಿಯಬೇಕು. ಟೊಯೊಟಾದ ಐದನೆಯ ಸಂಖ್ಯೆಯ ಗಾಡಿ ಮುಂದಿತ್ತು. ಹಿಂದಿದ್ದ ಪೋರ್ಷೆ ಗಾಡಿಗೂ ಅದಕ್ಕೂ ಒಂದು ನಿಮಿಷಕ್ಕೂ ಮೀರಿದ ಅಂತರ. ನಡೆಸುತ್ತಿದ್ದವನು ಕಜುಕಿ ನಕಾಜಿಮಾ. ಜೊತೆಗಾರರಲ್ಲಿ ಅದೇ ಡೇವಿಡ್‌ಸನ್ ಒಬ್ಬನು. ಮಗನು ತಾಯಿಗೆ ಪಾಯಸಕ್ಕೆ ಹೇಳಿಯಾಗಿತ್ತು. ಆರು ನಿಮಿಷಗಳಿರುವಾಗ ಗಾಡಿ ಸೊರಗಿತು. ಶಕ್ತಿಯೇ ಇಲ್ಲವೆಂದು ಸಾರಥಿಯು ರೇಡಿಯೋದಲ್ಲಿ ಕೂಗಿಕೊಂಡನು. ಮೂರು ನಿಮಿಷ ಚಿಲ್ಲರೆ ಉಳಿದಿರಲು, ಮುಕ್ತಾಯದ ಗೆರೆಯನ್ನು ಆಗತಾನೆ ದಾಟಿ, ತನ್ನವರ ಕಟಾಂಜನದ ಎದುರಿಗೇ ಅದು ನಿಂತುಹೋಯಿತು. ಪೋರ್ಷೆಯು ಪಕ್ಕದಲ್ಲಿಯೇ ಹಾದು ಹೋಗಿ ಗೆದ್ದಿತು. ಎರಡು ಟೊಯೊಟಾಗಳಲ್ಲಿ ಇನ್ನೊಂದಕ್ಕೆ ಎರಡನೆಯ ಸ್ಥಾನ ಸಂದಿತು. ಕೆಟ್ಟುದು ವಿದ್ಯುತ್ತಿನ ಭಾಗವಲ್ಲವೆಂದು ಆಮೇಲೆ ಗೊತ್ತಾಯಿತು; ಎಂಜಿನಿಗೆ ಗಾಳಿಯನ್ನು ಒಯ್ಯುವ ಕೊಳವೆಯ ಒಂದು ಕೂಡುಜೋಡಣೆ.

ಸೋತುದಕ್ಕಿಂತ ಹೆಚ್ಚಾಗಿ ನನ್ನನ್ನು ಕಲಕಿದುದು ಅದರ ಮುಂದಿನ ಸಂಗತಿ. ನಕಾಜಿಮಾ ಹೇಗೋ ಗಾಡಿಯನ್ನು ಮತ್ತೆ ಹೊರಡಿಸಿ, ತೆವಳಿಕೊಂಡೇ ಕಡೆಯ ಸುತ್ತನ್ನು ಮುಗಿಸಿದನು. ಅದಕ್ಕೆ ಹನ್ನೊಂದು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಕಡೆಯ ಸುತ್ತನ್ನು ಆರು ನಿಮಿಷದೊಳಗೆ ಮುಗಿಸದ ಗಾಡಿಗೆ ಸ್ಥಾನವಿಲ್ಲವೆಂದು ನಿಯಮವಿತ್ತು. ಆದುದರಿಂದ ಇಪ್ಪತ್ತಮೂರು ಗಂಟೆ ಐವತ್ತಕ್ಕೂ ಹೆಚ್ಚು ನಿಮಿಷ ಓಡಿದ ಆ ಗಾಡಿಗೆ ಎರಡನೆಯ ಸ್ಥಾನವಲ್ಲ, ಮೂರನೆಯದಲ್ಲ, ಕಡೆಯದೂ ಅಲ್ಲ. ಫಲಿತಾಂಶದ ಪಟ್ಟಿಯಲ್ಲಿ ಅದು ಗಣನೆಗೆ ಸೇರದ್ದು. “ಅನ್ಯಾಯ” ಎಂದು ನನ್ನ ಬಾಯಿಂದ ಹೊರಟಿತು. ಮಗನು ತಿರುಗಿ ನೋಡಿ, “ನಿಯಮ ಅಂದರೆ ನಿಯಮ ಅಂತ ನೀವೇ ಹೇಳುತ್ತೀರಲ್ಲ” ಎಂದನು. ಅವನು ಚುಚ್ಚಲೆಂದು ಆಡಿದ ಮಾತಲ್ಲ. ಆದರೂ ನಾನು ಎದ್ದು ಹೊರಗೆ ಬಂದು ಜಗಲಿಯಲ್ಲಿ ಕುಳಿತೆನು.

1994ರಲ್ಲಿ ಒಂದು ಎಸ್.ಎಸ್.ಎಲ್.ಸಿ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಾನು ನಿಂತಿದ್ದೆನು. ಆರು ವಿಷಯಗಳಲ್ಲಿ ಐದು ಮುಗಿದು ಅಂದು ಆರನೆಯದು. ಘಟ್ಟದ ಕೆಳಗಿನ ಒಂದು ಹಳ್ಳಿಯ ಹುಡುಗನು ಮುಕ್ಕಾಲು ಗಂಟೆ ತಡವಾಗಿ ಬಂದನು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಉಳಿದ ದೂರವನ್ನು ಓಡಿಕೊಂಡು ಬಂದಿದ್ದನು. ಅರ್ಧ ಗಂಟೆಯ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ನಿಯಮ. ಒಳಗೆ ಹೋಗಿ ಮೇಲಿನವರಿಗೆ ಒಂದು ಮಾತು ಹೇಳಬಹುದಾಗಿತ್ತು. ಅವರು ಒಪ್ಪುತ್ತಿರಲಿಲ್ಲವೇನೋ, ಆದರೆ ಹೇಳಬಹುದಾಗಿತ್ತು. ನಾನು ಹೇಳಲಿಲ್ಲ. ಗಡಿಯಾರವನ್ನು ತೋರಿಸಿದೆನು. ಅವನು ವಾದಿಸದೆ, ಬೆವರು ಒರೆಸಿಕೊಂಡು, ಬಂದ ದಾರಿಯಲ್ಲಿ ನಡೆದುಹೋದನು. ಮುಂದಿನ ಸಲ ಅವನು ಪರೀಕ್ಷೆಗೆ ಕಟ್ಟಲಿಲ್ಲ. ಐದು ದಿನ ಅವನು ಬರೆದುದೆಲ್ಲ ಎಲ್ಲಿಗೆ ಹೋಯಿತೆಂದು ನಾನು ಕೇಳಿಕೊಂಡದ್ದು ಇಪ್ಪತ್ತೆರಡು ವರ್ಷಗಳ ಮೇಲೆ, ಜಪಾನಿನ ಒಂದು ಗಾಡಿ ಕೆಟ್ಟ ಸಂಜೆಯಲ್ಲಿ. ಬ್ರೇಕಿನ ಬಿಲ್ಲೆ ಕೆಂಪಾದಂತೆ ಕೆಂಪಾಗಿ ಗಾಳಿಗೆ ಹೋಯಿತಷ್ಟೆ.

ಅಂದಿನಿಂದ ಪ್ರತಿ ವರ್ಷವೂ ನಾನು ಆ ಓಟವನ್ನು ನೋಡತೊಡಗಿದೆನು. 2017ರಲ್ಲಿ ಟೊಯೊಟಾದವರು ಮೂರು ಗಾಡಿಗಳನ್ನು ತಂದರು. ಮುಂದಿದ್ದ ಗಾಡಿಯ ಕತೆಯಂತೂ ನಾಟಕದಲ್ಲಿ ಬರೆದರೆ ಯಾರೂ ನಂಬರು. ಇರುಳಿನಲ್ಲಿ ಕೋಬಯಾಶಿ ಎಂಬ ಸಾರಥಿಯು ಹೊರಡುವ ಬಾಗಿಲ ಬಳಿ ಕೆಂಪು ದೀಪಕ್ಕೆ ಕಾದು ನಿಂತಿದ್ದಾಗ, ಬೇರೊಂದು ತಂಡದ ಸಾರಥಿಯೊಬ್ಬನು ಹುರಿದುಂಬಿಸಲೆಂದು ಹೆಬ್ಬೆರಳೆತ್ತಿದನು. ಅವನ ಉಡುಪಿನ ಬಣ್ಣವನ್ನು ಕಂಡು, ಪಂದ್ಯದ ಅಧಿಕಾರಿಯು ಅಪ್ಪಣೆ ಕೊಟ್ಟನೆಂದು ಇವನು ಹೊರಟನು; ತನ್ನವರು ತಡೆದರೆಂದು ನಿಂತನು; ಮತ್ತೆ ಹೊರಟನು. ಆ ಗಾಡಿಯು ನಿಂತಲ್ಲಿಂದ ಹೊರಡಬೇಕಾದದ್ದು ವಿದ್ಯುತ್ತಿನ ಬಲದಿಂದ. ಎಂಜಿನಿನಿಂದ ಹೊರಡುವ ಭಾರವನ್ನು ಹೊರುವಂತೆ ಅದರ ಕ್ಲಚ್ಚನ್ನು ಮಾಡಿರಲಿಲ್ಲ. ಆ ಗೊಂದಲದಲ್ಲಿ ಎಂಜಿನಿನಿಂದ ಹೊರಡಿಸಿದುದರಿಂದ ಕ್ಲಚ್ಚು ಸುಟ್ಟಿತು. ಸದುದ್ದೇಶದಿಂದ ಎತ್ತಿದ ಒಂದು ಬೆರಳು! ಇನ್ನೊಂದು ಗಾಡಿಯ ಮುಂದಿನ ವಿದ್ಯುದ್ಯಂತ್ರವು ಕೆಟ್ಟು ಎರಡು ಗಂಟೆಯಷ್ಟು ಹೊತ್ತು ಹಾಳಾಯಿತು. ವಿಚಿತ್ರವೆಂದರೆ ಗೆದ್ದ ಪೋರ್ಷೆಗೂ ಅದೇ ರೋಗ ಬಂದಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಬಿಚ್ಚಿ ಜೋಡಿಸಿ, ಎಲ್ಲರಿಗಿಂತ ಹಿಂದೆ ಬಿದ್ದು, ಅಲ್ಲಿಂದ ಮೇಲೆದ್ದು ಬಂದು ಅದು ಗೆದ್ದಿತು.

ಮರುವರ್ಷಕ್ಕೆ ಟೊಯೊಟಾದವರು ಸಿದ್ಧವಾದ ಬಗೆ ನನಗೆ ಬಹಳ ಹಿಡಿಸಿತು. ಅಭ್ಯಾಸದ ಓಟಗಳಲ್ಲಿ ಬೇಕೆಂದೇ ಕೇಡುಗಳನ್ನು ಕಲ್ಪಿಸಿ, ಕೆಟ್ಟ ಗಾಡಿಯನ್ನು ಮನೆಗೆ ತರುವುದನ್ನು ಸಾರಥಿಗಳಿಗೆ ಕಲಿಸಿದರಂತೆ. ನಾವು ಮೇಷ್ಟರುಗಳು ಮಕ್ಕಳಿಗೆ ಗೆಲ್ಲುವುದನ್ನು ಕಲಿಸುತ್ತೇವೆ. ಬಸ್ಸು ಕೆಟ್ಟ ದಿನ ಏನು ಮಾಡಬೇಕೆಂಬುದು ಯಾವ ಪಠ್ಯದಲ್ಲಿಯೂ ಇಲ್ಲ. 2018ರಲ್ಲಿ ಅವರು ಗೆದ್ದರು; 388 ಸುತ್ತುಗಳು, ಇಪ್ಪತ್ತನೆಯ ಪ್ರಯತ್ನದಲ್ಲಿ. ಕಡೆಯ ಸುತ್ತನ್ನು ನಡೆಸಿದವನು ಅದೇ ನಕಾಜಿಮಾ. ಪೋರ್ಷೆಯವರು ಹಿಂದಿನ ವರ್ಷವೇ ಬಿಟ್ಟುಹೋಗಿದ್ದುದರಿಂದ ಸರಿಸಮಾನರು ಇಲ್ಲದ ಗೆಲವು ಗೆಲವೇ ಅಲ್ಲವೆಂದು ಕೆಲವರು ಅಂದರು. ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆನು. ಆದರೆ 2016ರಲ್ಲಿ ಅವರನ್ನು ಕೆಡವಿದುದು ಪೋರ್ಷೆಯಲ್ಲ, ಒಂದು ಕೊಳವೆ. ಆ ಎದುರಾಳಿ 2018ರಲ್ಲಿಯೂ ಗಾಡಿಯೊಳಗೇ ಕುಳಿತಿದ್ದಿತು. 2022ರವರೆಗೆ ಅವರೇ ಗೆದ್ದರು. 2023ರಿಂದ ಮೂರು ವರ್ಷ ಇಟಲಿಯ ಫೆರಾರಿ ಗಾಡಿಗಳು ಗೆದ್ದುವು, ಅವೂ ದ್ವಿಶಕ್ತಿಯವೇ.

ಹೋದ ಬೇಸಗೆಯಲ್ಲಿ ಮಗನು ಹೈಕ್ರಾಸ್ ಎಂಬ, ಬಿಡದಿಯಲ್ಲಿಯೇ ತಯಾರಾದ ದ್ವಿಶಕ್ತಿಯ ಗಾಡಿಯನ್ನು ತಂದನು. ಆಗುಂಬೆಯ ಘಟ್ಟವನ್ನು ಇಳಿಯುವಾಗ ಅವನು ನನ್ನನ್ನು ಮುಂದೆ ಕುಳ್ಳಿರಿಸಿಕೊಂಡು ಎದುರಿನ ಹಲಗೆಯಲ್ಲಿ ಒಂದು ಬಾಣವನ್ನು ತೋರಿಸಿದನು. ಗಾಡಿಯನ್ನು ತಡೆದಾಗಲೆಲ್ಲ ಆ ಬಾಣವು ಗಾಲಿಯಿಂದ ಬ್ಯಾಟರಿಯ ಕಡೆಗೆ ತಿರುಗುತ್ತಿತ್ತು. ಒಂದೊಂದು ತಿರುವಿಗೂ ಇಷ್ಟಿಷ್ಟು. ಸೋಮೇಶ್ವರಕ್ಕೆ ಇಳಿದ ಮೇಲೆ, ಹೋಗಬೇಕಾದ ಊರನ್ನು ಬಿಟ್ಟು, ಆ ಹುಡುಗನ ಹಳ್ಳಿಯ ಹೆಸರನ್ನು ಹೇಳಿದೆನು. ಮಗನು ಏಕೆಂದು ಕೇಳಲಿಲ್ಲ.

ಅವನು ಈಗ ನಲವತ್ತೇಳರ ಗೃಹಸ್ಥ. ಅಂಗಳದಲ್ಲಿ ಒಂದು ನೀರಿನ ಪಂಪನ್ನು ಬಿಚ್ಚಿ ಹರಡಿಕೊಂಡು ಕುಳಿತಿದ್ದವನು ಎದ್ದು, ಕೈ ಒರೆಸಿಕೊಂಡು, “ಮೇಷ್ಟ್ರೇ” ಎಂದನು. ಗುರುತು ಹಿಡಿದನು. ಬೆಲ್ಲ ನೀರು ಬಂದಿತು. ಪಂಪಿನ ಮಾತಾಯಿತು, ಅಡಕೆಯ ರೋಗದ ಮಾತಾಯಿತು, ಮಗನ ಗಾಡಿಯ ಮಾತಾಯಿತು. ಬ್ರೇಕಿನಿಂದ ವಿದ್ಯುತ್ತು ಬರುವ ಬಗೆಯನ್ನು ಅವನು ಎರಡು ಸಲ ಕೇಳಿ ತಿಳಿದುಕೊಂಡು, ಬಗ್ಗಿ ಗಾಲಿಯ ಹಿಂದೆ ಇಣಿಕಿದನು. ಪರೀಕ್ಷೆಯ ಮಾತನ್ನು ಅವನು ಎತ್ತಲಿಲ್ಲ. ಎತ್ತಬೇಕೆಂದು ನಾನು ಹೋಗಿದ್ದೆನು. ಅರ್ಧ ಗಂಟೆಯಾದರೂ ಬಾಯಿ ಬರಲಿಲ್ಲ. ಹೊರಡುವಾಗ ಅವನು ನಮ್ಮೊಡನೆ ಗೇಟಿನವರೆಗೂ ಬಂದು, ಅದನ್ನು ತೆಗೆದು, ಗಾಡಿ ಹಿಂದಕ್ಕೆ ಹೋಗುವವರೆಗೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದನು.