ಹಾಲಿನ ಲೆಕ್ಕಕ್ಕೊಂದು ಹಾಜರಿ

ಕಂಪ್ಯೂಟರ್ ಪಾಠದಲ್ಲಿ ನನಗೆ ತುಂಬ ಹಿಡಿಸಿದ್ದು ಜಾವಾಸ್ಕ್ರಿಪ್ಟಿನ ‘ಫಾರ್-ಇನ್’. 1995ರಲ್ಲಿ ಬ್ರೆಂಡನ್ ಐಕ್ ಎಂಬುವರು ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಮಾಡಿದರಂತೆ. ನಮಗೆ ಕಲಿಯೋಕೇ ಅದಕ್ಕಿಂತ ಜಾಸ್ತಿ ದಿನ ಬೇಕು!

ಇದರಲ್ಲಿ ಆಬ್ಜೆಕ್ಟ್ ಅಂದರೆ ಹೆಸರು, ಅದರ ಎದುರಿಗೆ ಬೆಲೆ ಬರೆದ ಪಟ್ಟಿ. ನಾನು ಬರೆದದ್ದು ನಮ್ಮವ್ವನ ವರ್ತನೆ ಹಾಲಿನ ಪಟ್ಟಿ. ಅದರ ಹೆಸರು ‘ಹಾಲು’. ಒಳಗೆ ಅಂಗಡಿಮನೆ: 30, ಅಜ್ಜಿಮನೆ: 15, ಮೂಲೆಮನೆ: 45. ಇವು ತಿಂಗಳ ಲೀಟರ್. ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಕಂಪ್ಯೂಟರ್ ತಕರಾರು ಮಾಡಲ್ಲ.

ಒಂದೊಂದೇ ಮನೆಯ ಹೆಸರು ಬರೆದೂ ಒಟ್ಟು ಕೂಡಿಸಬಹುದು. ಆದರೆ ನಡುವೆ ಹೊಸ ಮನೆ ಸೇರಿತು ಅನ್ನಿ. ಕೂಡುವ ಸಾಲಿನಲ್ಲಿ ಆ ಹೆಸರು ಬಿಟ್ಟುಹೋದರೆ ತಿಂಗಳ ಹಾಲು ಪುಕ್ಕಟೆ ಕೊಟ್ಟಂತೆ. ಹಿಂಡಿ, ಬೂಸಾ, ನನ್ನ ನೋಟ್ ಬುಕ್ಕು ಎಲ್ಲಾ ಆ ದುಡ್ಡಿನಲ್ಲೇ ಆಗಬೇಕು ಕಣ್ರೋ. ಗಿರಾಕಿಯಂತೂ ತಾನಾಗಿ ಬಂದು ಜ್ಞಾಪಿಸಲ್ಲ.

ಅದಕ್ಕೇ ‘ಫಾರ್ (ಲೆಟ್ ಮನೆ ಇನ್ ಹಾಲು)’ ಎಂದು ಬರೆಯುವುದು. ಫಾರ್, ಲೆಟ್, ಇನ್ ಇವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಮೇಷ್ಟ್ರು ಹಾಜರಿ ಕರೆದ ಹಾಗೆ ಅದು ಪಟ್ಟಿಯ ಪ್ರತಿ ಹೆಸರನ್ನೂ ಕರೆಯುತ್ತದೆ. ಹೊಸದಾಗಿ ಸೇರಿದ ಮನೆಯೂ ತಾನಾಗಿಯೇ ಬಂದುಬಿಡುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ. ಹೀಗೆ ಕರೆದಾಗ ಕೈಗೆ ಸಿಗುವುದು ಹೆಸರು ಮಾತ್ರ, ಲೀಟರ್ ಅಲ್ಲ. ಲೀಟರ್ ಬೇಕಾದರೆ ಚೌಕ ಕಂಸ ಹಾಕಿ ‘ಹಾಲು[ಮನೆ]’ ಎಂದು ಕೇಳಬೇಕು. ಆಗ ಮೊದಲ ಸುತ್ತಿಗೆ 30, ಆಮೇಲೆ 15, ಆಮೇಲೆ 45; ಕೂಡುತ್ತಾ ಹೋದರೆ 90. ಚುಕ್ಕಿ ಇಟ್ಟು ‘ಹಾಲು.ಮನೆ’ ಅಂದರೆ ‘ಮನೆ’ ಅನ್ನೋ ಹೆಸರಿನ ಗಿರಾಕಿಯನ್ನೇ ಹುಡುಕುತ್ತೆ. ಅಂಥವರು ಪಟ್ಟಿಯಲ್ಲಿ ಎಲ್ಲಿದ್ದಾರೆ? ‘ಅನ್‌ಡಿಫೈನ್ಡ್’ ಎಂದು ಕೈಯಾಡಿಸಿಬಿಡುತ್ತೆ.

ಹೆಸರಿನ ಬದಲು ಮನೆ ನಂಬರ್ ಯಾಕೆ ಹಾಕಬಾರದು ಎಂದು ನನ್ನ ತಮ್ಮ ಕೇಳಿದ. ಹಾಕಬಹುದು. ಆದರೆ 12, 3, 7 ಎಂದು ಬರೆದಿಟ್ಟರೂ ಫಾರ್-ಇನ್ ಕರೆಯುವುದು 3, 7, 12 ಎಂದು, ಚಿಕ್ಕದರಿಂದ ದೊಡ್ಡದಕ್ಕೆ. ಹೆಸರುಗಳನ್ನಾದರೆ ನಾವು ಬರೆದ ಸಾಲಿನಲ್ಲೇ ಕರೆಯುತ್ತದೆ. ಅವ್ವನಿಗೆ ಓದು ಬಾರದು, ಆದರೆ ಯಾವ ಮನೆಯಾದ ಮೇಲೆ ಯಾವ ಮನೆ ಎಂಬುದು ಅವಳ ಕಾಲಿಗೇ ಗೊತ್ತು. ನಾನು ಓದುತ್ತಾ ಹೋದರೆ, ಸೌದೆ ಒಟ್ಟುತ್ತಲೇ ಒಂದೊಂದು ಮನೆಗೂ ‘ಹ್ಞೂಂ’ ಅನ್ನುತ್ತಾಳೆ. ಅದಕ್ಕೇ ಹೆಸರನ್ನೇ ಇಟ್ಟಿದ್ದೇನೆ.